ತುಪ್ಪಳದೊಳಗಿನ ಬೇನೆ

ಸಾಕಿದ ಚಿಂಚಿಲ್ಲಾ ಎಂಬ ಪುಟ್ಟ ದಂಶಕದ ಗರ್ಭಕೋಶಕ್ಕೆ ಸೋಂಕು ತಗುಲಿದರೆ ಅದು ಕೂಗಿ ಹೇಳುವುದಿಲ್ಲ. ಸಾಕಿದವರ ಕಣ್ಣು, ಒಂದು ಪುಟ್ಟ ತಕ್ಕಡಿ, ತಡಮಾಡದೆ ವೈದ್ಯರಿಗೆ ತೋರಿಸುವುದು: ಅದರ ಪಾಲಿಗೆ ಇವೇ ದಿಕ್ಕು.

ಮುದ್ದಿನ ಪ್ರಾಣಿಯಾಗುವ ಮೊದಲು ಅದನ್ನು ಸಾಕಿದ್ದು ತುಪ್ಪಳಕ್ಕಾಗಿ. 1923ರಲ್ಲಿ ಚಿಲಿ ದೇಶದಿಂದ ಹೊರಟ ಹಡಗೊಂದು ಹನ್ನೊಂದು ಚಿಂಚಿಲ್ಲಾಗಳನ್ನು ಹೊತ್ತು ಅಮೆರಿಕದ ಕ್ಯಾಲಿಫೋರ್ನಿಯಾ ಸೇರಿತು. ಅವುಗಳನ್ನು ತಂದವರು ಮಥಾಯಸ್ ಚಾಪ್ಮನ್, ಚಿಲಿಯ ತಾಮ್ರದ ಗಣಿಯಲ್ಲಿ ಎಂಜಿನಿಯರ್ ಆಗಿದ್ದವರು. ಆಂಡಿಸ್ ಪರ್ವತದ ಚಳಿಯಲ್ಲಿ ಬೆಳೆದ ಪ್ರಾಣಿಗಳು ಸಮುದ್ರಮಟ್ಟದ ಸೆಕೆಗೆ ಸತ್ತಾವೆಂದು ಅವರು ಹಂತಹಂತವಾಗಿ ಅವುಗಳನ್ನು ಬೆಟ್ಟದಿಂದ ಇಳಿಸಿದರು. ಹಡಗಿನಲ್ಲಿ ಮಂಜುಗಡ್ಡೆಯಿಟ್ಟು ಪಂಜರಗಳನ್ನು ತಂಪಾಗಿಟ್ಟರು. ತುಪ್ಪಳಕ್ಕಾಗಿ ಚಿಂಚಿಲ್ಲಾಗಳ ಸಂತತಿ ಬೆಳೆಸುವುದು ಅವರ ಉದ್ದೇಶವಾಗಿತ್ತು.

ಆ ಹೊತ್ತಿಗೆ ಕಾಡಿನ ಚಿಂಚಿಲ್ಲಾಗಳು ಬಹುತೇಕ ಬರಿದಾಗಿದ್ದವು. ಒಂದೇ ರೋಮಕೂಪದಿಂದ ಅರವತ್ತರಷ್ಟು ಎಳೆಗಳು ಹೊಮ್ಮುವ ಅದರ ತುಪ್ಪಳದಷ್ಟು ದಟ್ಟವಾದದ್ದು ನೆಲದ ಮೇಲಿನ ಬೇರೆ ಪ್ರಾಣಿಗಳಲ್ಲಿ ಸಿಗುವುದು ಅಪರೂಪ. ಒಂದು ಉದ್ದನೆಯ ಕೋಟಿಗೆ ನೂರಕ್ಕೂ ಹೆಚ್ಚು ಪ್ರಾಣಿಗಳ ಚರ್ಮ ಬೇಕಾಗುತ್ತಿತ್ತು. ಯುರೋಪ್ ಮತ್ತು ಅಮೆರಿಕದ ಸಿರಿವಂತರಿಗೆ ಕೋಟು ಹೊಲಿಯಲು ಲಕ್ಷಗಟ್ಟಲೆ ಚಿಂಚಿಲ್ಲಾಗಳು ಸತ್ತವು. 1910ರಲ್ಲಿ ಚಿಲಿ, ಪೆರು, ಬೊಲಿವಿಯಾ, ಅರ್ಜೆಂಟೀನಾ ದೇಶಗಳು ಬೇಟೆ ತಡೆಯಲು ಒಪ್ಪಂದ ಮಾಡಿಕೊಂಡವು. ಅಷ್ಟರಲ್ಲಿ ತಡವಾಗಿತ್ತು.

ಸಂತತಿ ಬೆಳೆಸುವವನಿಗೆ ಹೆಣ್ಣಿನ ಗರ್ಭಕೋಶವೇ ಬಂಡವಾಳ. ಗಬ್ಬದ ಹೆಣ್ಣು ಕಂದು ಹಾಕಿದರೆ, ಮರಿ ಹಾಕಿದ ಮೇಲೆ ಸೋಂಕು ತಗುಲಿ ಸತ್ತರೆ ಸಾಕಣೆದಾರನಿಗೆ ನಷ್ಟ. ಚಿಂಚಿಲ್ಲಾದ ಗರ್ಭಕೋಶದ ರೋಗಗಳ ಬಗ್ಗೆ ಪಶುವೈದ್ಯರಿಗೆ ಮೊದಮೊದಲು ಸಿಕ್ಕ ತಿಳಿವಳಿಕೆಯ ಬಹುಭಾಗ ಬಂದದ್ದು ಈ ತುಪ್ಪಳದ ಫಾರ್ಮ್‌ಗಳಿಂದಲೇ. ಇಂದು ಅಮೆರಿಕ, ಬ್ರಿಟನ್, ಜರ್ಮನಿ, ಜಪಾನ್‌ಗಳ ಮನೆಗಳಲ್ಲಿ ಚಿಂಚಿಲ್ಲಾ ಮುದ್ದಿನ ಪ್ರಾಣಿ. ಬೆಂಗಳೂರು, ಮುಂಬೈಯಂಥ ನಗರಗಳಲ್ಲೂ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಅದು ಕಾಣಸಿಗುತ್ತದೆ. ಲಾಭಕ್ಕೆ ಸಾಕಿದವರು ಯಾವ ಅಂಗವನ್ನು ಕಣ್ಣಿಟ್ಟು ಕಾಯುತ್ತಿದ್ದರೋ, ಪ್ರೀತಿಗೆ ಸಾಕುವ ಹಲವರಿಗೆ ಆ ಅಂಗದ ನೆನಪೇ ಇರುವುದಿಲ್ಲ. ಈ ಮರೆವಿಗೆ ಬೆಲೆ ತೆರುವುದು ಹೆಣ್ಣು ಚಿಂಚಿಲ್ಲಾ.

ಎರಡು ಕೊಂಬು, ಒಂದು ಪೊರೆ

ಚಿಂಚಿಲ್ಲಾ ದಂಶಕ ಜಾತಿಯದ್ದು. ಇಲಿಗಿಂತ ಗಿನಿಪಿಗ್‌ಗೆ ಹತ್ತಿರದ ಸಂಬಂಧಿ. ಅರ್ಧ ಕಿಲೋ ಆಸುಪಾಸು ತೂಗುತ್ತದೆ. ಹೆಣ್ಣು ಗಂಡಿಗಿಂತ ದೊಡ್ಡದು. ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬದುಕುತ್ತದೆ. ಇಪ್ಪತ್ತು ಮುಟ್ಟಿದವೂ ಇವೆ.

ಹೆಣ್ಣಿನ ಗರ್ಭಕೋಶ ಎರಡು ಕೊಂಬುಗಳಾಗಿ ಕವಲೊಡೆದಿರುತ್ತದೆ. ಪ್ರತಿ ಕೊಂಬಿಗೂ ಅದರದೇ ಕಂಠವಿದೆ. ಯೋನಿಯ ಬಾಯಿಯನ್ನು ತೆಳುವಾದ ಪೊರೆಯೊಂದು ಮುಚ್ಚಿರುತ್ತದೆ. ಅದು ತೆರೆಯುವುದು ಬೆದೆಗೆ ಬಂದಾಗ ಮತ್ತು ಮರಿ ಹಾಕುವಾಗ ಮಾತ್ರ. ಉಳಿದ ದಿನಗಳಲ್ಲಿ ಬಾಗಿಲು ಭದ್ರ. ಉತ್ತರ ಗೋಳಾರ್ಧದಲ್ಲಿ ನವೆಂಬರ್‌ನಿಂದ ಮೇ ತನಕ ಬೆದೆಯ ಕಾಲ. ಆ ಅವಧಿಯಲ್ಲಿ ಮೂವತ್ತರಿಂದ ಐವತ್ತು ದಿನಗಳಿಗೊಮ್ಮೆ ಹೆಣ್ಣು ಬೆದೆಗೆ ಬರುತ್ತದೆ. ಆಗ ಸ್ವಲ್ಪ ಲೋಳೆ, ಮೇಣದಂಥ ಸಣ್ಣ ತುಣುಕು ಕಾಣಿಸಬಹುದು. ಅದಕ್ಕೆ ನಾತವಿರುವುದಿಲ್ಲ, ಪ್ರಾಣಿ ಮಂಕಾಗಿಯೂ ಇರುವುದಿಲ್ಲ. ಇದನ್ನು ಬಿಟ್ಟು ಬೇರೆ ಸ್ರಾವ ಕಂಡರೆ ಅದು ಸಹಜವಲ್ಲ. ಚಿಂಚಿಲ್ಲಾಗಳಿಗೆ ಮುಟ್ಟಿಲ್ಲ. ಆದ್ದರಿಂದ ಅಲ್ಲಿ ರಕ್ತ ಕಂಡರೆ ‘ತಿಂಗಳದ್ದು’ ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ.

ಹೊಸಬರು ಎಡವುವ ಇನ್ನೊಂದು ಜಾಗವಿದೆ. ಹೆಣ್ಣು ಚಿಂಚಿಲ್ಲಾದ ಮೂತ್ರದ್ವಾರ ಮೊಗ್ಗಿನಂತೆ ಮುಂದಕ್ಕೆ ಚಾಚಿಕೊಂಡಿರುತ್ತದೆ, ನೋಡಿದರೆ ಗಂಡಿನ ಅಂಗದಂತೆಯೇ ಕಾಣುತ್ತದೆ. ಗುದದ್ವಾರಕ್ಕೂ ಅದಕ್ಕೂ ನಡುವೆ ಅಂತರವಿದ್ದರೆ ಗಂಡು, ಎರಡೂ ಒತ್ತಿಕೊಂಡಿದ್ದರೆ ಹೆಣ್ಣು. ಇದನ್ನು ಗುರುತಿಸಲಾರದೆ ಜೋಡಿಯೊಂದನ್ನು ಎರಡೂ ಗಂಡು ಎಂದು ಮಾರುವವರು, ನಂಬಿ ಕೊಳ್ಳುವವರು ಇಬ್ಬರೂ ಇದ್ದಾರೆ. ಕೆಲವು ತಿಂಗಳ ಮೇಲೆ, ಮನೆಯವರಿಗೆ ಸುಳಿವೇ ಇಲ್ಲದೆ, ಅದರಲ್ಲಿ ಒಂದು ಗಬ್ಬವಾಗಿರುತ್ತದೆ. ಗಬ್ಬವೆಂದೇ ಗೊತ್ತಿಲ್ಲದ ಮನೆಯಲ್ಲಿ ಹೆರಿಗೆಯ ತೊಡಕನ್ನು ಯಾರು ಗುರುತಿಸಬೇಕು?

ಈ ಪ್ರಾಣಿಯ ಬಸಿರು ಸುಮಾರು 111 ದಿನಗಳದ್ದು. ಅದಕ್ಕಿಂತ ಎಷ್ಟೋ ದೊಡ್ಡದಾದ ಮೊಲ 31 ದಿನಗಳಲ್ಲಿ ಮರಿ ಹಾಕುತ್ತದೆ. ಹೊಟ್ಟೆಯಲ್ಲೇ ಪೂರ್ತಿ ಬೆಳೆದು ಬರುವ ಚಿಂಚಿಲ್ಲಾ ಮರಿಗೆ ಹುಟ್ಟುವಾಗಲೇ ಮೈತುಂಬ ಕೂದಲಿರುತ್ತದೆ, ಕಣ್ಣು ತೆರೆದಿರುತ್ತದೆ. ಕೆಲವೇ ಗಂಟೆಗಳಲ್ಲಿ ಅದು ಓಡಾಡುತ್ತದೆ. ಸಾಮಾನ್ಯವಾಗಿ ಒಂದೋ ಎರಡೋ ಮರಿ, ಕೆಲವೊಮ್ಮೆ ಹೆಚ್ಚು. ಪುಟ್ಟ ತಾಯಿಗೆ ಇಷ್ಟು ಬಲಿತ ಮರಿಗಳನ್ನು ಹೊರುವುದು, ಹೆರುವುದು ಎರಡೂ ಭಾರ.

ಸೋಂಕು ಒಳಹೊಗುವ ಬಗೆ

ಹಸು ಸಾಕಿದ ಮನೆಯವರಿಗೆ ಒಂದು ಆತಂಕ ಚೆನ್ನಾಗಿ ಗೊತ್ತು. ಕರು ಹಾಕಿದ ಮೇಲೆ ಕಸ ಬೀಳದೆ ಒಳಗೇ ಉಳಿದರೆ ಹಸುವಿಗೆ ಜ್ವರ ಬರುತ್ತದೆ, ಕೆಟ್ಟ ನಾತದ ಸ್ರಾವ ಶುರುವಾಗುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಅರ್ಧ ಕಿಲೋದ ಚಿಂಚಿಲ್ಲಾದಲ್ಲೂ ನಡೆಯುವುದು ಅದೇ. ಮಾಸು ಪೂರ್ತಿ ಬೀಳದಿದ್ದರೆ, ಸತ್ತ ಮರಿಯೊಂದು ಒಳಗೇ ಉಳಿದರೆ, ಹೆರಿಗೆ ಎಳೆದಾಡಿ ಗರ್ಭಕೋಶಕ್ಕೆ ಪೆಟ್ಟಾದರೆ ಅಲ್ಲಿ ಬ್ಯಾಕ್ಟೀರಿಯಾ ಬೇರೂರುತ್ತವೆ. ಇದನ್ನು ವೈದ್ಯರು ಮೆಟ್ರೈಟಿಸ್ ಎನ್ನುತ್ತಾರೆ, ಅಂದರೆ ಗರ್ಭಕೋಶದ ಉರಿಯೂತ. ಹಸುವಿಗಾದರೆ ಊರಿನ ಪಶುವೈದ್ಯರು ಬಂದು ನೋಡುವಷ್ಟು ಸಮಯವಿರುತ್ತದೆ. ಚಿಂಚಿಲ್ಲಾದ ಪುಟ್ಟ ಮೈಯಲ್ಲಿ ನಂಜು ಬೇಗ ರಕ್ತಕ್ಕೆ ಏರುತ್ತದೆ.

ಕೆಲವೊಮ್ಮೆ ಸತ್ತ ಭ್ರೂಣ ಕೊಳೆಯದೆ ಒಣಗಿ ಗಟ್ಟಿಯಾಗಿ ಒಳಗೇ ಉಳಿಯುವುದುಂಟು. ಹೊರಗಿನಿಂದ ಯಾವ ಸುಳಿವೂ ಇರುವುದಿಲ್ಲ. ಎಕ್ಸ್‌ರೇ ಅಥವಾ ಸ್ಕ್ಯಾನ್ ಮಾಡಿದಾಗಷ್ಟೇ ಗೊತ್ತಾಗುತ್ತದೆ.

ಎರಡನೆಯ ರೋಗ ಪಯೋಮೆಟ್ರಾ, ಅಂದರೆ ಗರ್ಭಕೋಶದಲ್ಲಿ ಕೀವು ತುಂಬಿಕೊಳ್ಳುವುದು. ಮರಿ ಹಾಕಿದ ಹೆಣ್ಣಿನಲ್ಲಷ್ಟೇ ಅಲ್ಲ, ಗಂಡಿನ ಸಂಗವೇ ಇಲ್ಲದೆ ಬೆಳೆದ ಒಂಟಿ ಹೆಣ್ಣಿನಲ್ಲೂ ಇದು ಬರಬಹುದು. ‘ನಮ್ಮದು ಮರಿ ಹಾಕಿಯೇ ಇಲ್ಲ, ಅದಕ್ಕೇನು ಗರ್ಭಕೋಶದ ರೋಗ’ ಎಂದು ಅಲಕ್ಷ್ಯ ಮಾಡುವವರು ಇದನ್ನು ತಿಳಿದಿರಬೇಕು. ಕಂಠ ತೆರೆದಿದ್ದರೆ ಕೀವು ಹೊರಗೆ ಹರಿದು ಸುಳಿವು ಕೊಡುತ್ತದೆ. ಮುಚ್ಚಿದ್ದರೆ ಹೊಟ್ಟೆ ಉಬ್ಬುತ್ತದೆ, ಪ್ರಾಣಿ ಕುಗ್ಗುತ್ತದೆ, ಕಾರಣ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಗರ್ಭಕೋಶ ಒಡೆದು ಕೀವು ಹೊಟ್ಟೆಯೊಳಗೆ ಹರಡಿದರೆ ಉಳಿಸುವುದು ಬಹಳ ಕಷ್ಟ.

ಈ ಸೋಂಕುಗಳಲ್ಲಿ ಇ. ಕೋಲೈ, ಸ್ಟ್ರೆಪ್ಟೊಕಾಕಸ್, ಸ್ಟೆಫಿಲೊಕಾಕಸ್, ಸ್ಯೂಡೊಮೊನಾಸ್ ಮೊದಲಾದ ಬ್ಯಾಕ್ಟೀರಿಯಾಗಳು ಸಿಗುತ್ತವೆ. ಸ್ಯೂಡೊಮೊನಾಸ್ ನೀರು, ತೇವ, ಕೊಳಕು ಇರುವಲ್ಲಿ ಬೆಳೆಯುವಂಥದ್ದು. ತೊಳೆಯದ ನೀರಿನ ಬಾಟಲಿ, ಒದ್ದೆ ಹಾಸು ಅದಕ್ಕೆ ಮನೆ. ಕೆಟ್ಟ ಮೇವಿನಿಂದ ಬರುವ ಲಿಸ್ಟೀರಿಯಾಕ್ಕೆ ಚಿಂಚಿಲ್ಲಾ ಬಹುಬೇಗ ಬಲಿಯಾಗುತ್ತದೆ. ತುಪ್ಪಳದ ಫಾರ್ಮ್‌ಗಳಲ್ಲಿ ಅದು ಹಿಂಡುಹಿಂಡಾಗಿ ಪ್ರಾಣಿಗಳನ್ನು ಕೊಂದಿದೆ, ಗಬ್ಬದವು ಕಂದು ಹಾಕಿವೆ.

ಮುಚ್ಚಿಡುವುದೇ ಅದರ ಸ್ವಭಾವ

ಕಾಡಿನಲ್ಲಿ ನರಿ, ಗೂಬೆಗಳಿಗೆ ಆಹಾರವಾಗುವ ಪ್ರಾಣಿ ಚಿಂಚಿಲ್ಲಾ. ಬಲಹೀನವೆಂದು ಕಂಡರೆ ಅವು ಅದನ್ನೇ ಮೊದಲು ಹಿಡಿಯುತ್ತವೆ. ಆದ್ದರಿಂದ ನೋವನ್ನು ಮುಚ್ಚಿಡುವ ಗುಣ ಅದರ ರಕ್ತದಲ್ಲೇ ಬಂದಿದೆ. ಪಂಜರದ ಮೂಲೆಯಲ್ಲಿ ಬೆನ್ನು ಗೂನು ಮಾಡಿ ಕೂತಿದೆ ಎಂದರೆ ಕಾಯಿಲೆ ಆಗಲೇ ಬಹಳ ಮುಂದೆ ಹೋಗಿದೆ ಎಂದೇ ತಿಳಿಯಬೇಕು. ಮೇಲಾಗಿ ಅದು ರಾತ್ರಿ ಚುರುಕಾಗಿರುವ ಪ್ರಾಣಿ. ಹಗಲು ಮಲಗಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ದಟ್ಟ ತುಪ್ಪಳದಡಿ ಮೈ ಸೊರಗಿದ್ದೂ ಕಾಣುವುದಿಲ್ಲ.

ಹಾಗಾಗಿ ತಕ್ಕಡಿ ಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ವಾರಕ್ಕೊಮ್ಮೆ ಅದೇ ಹೊತ್ತಿಗೆ ತೂಗಿ ಬರೆದಿಟ್ಟುಕೊಂಡರೆ, ಕಣ್ಣಿಗೆ ಕಾಣುವ ಮೊದಲೇ ಇಳಿಕೆ ಅಂಕಿಯಲ್ಲಿ ಕಾಣುತ್ತದೆ. ತೂಗುವಾಗಲೇ ಬಾಲದ ಬುಡವನ್ನು, ಕೆಳಹೊಟ್ಟೆಯನ್ನು ನೋಡಬೇಕು. ಎತ್ತಿಕೊಳ್ಳುವಾಗ ಗಟ್ಟಿಯಾಗಿ ಹಿಡಿಯಬಾರದು. ಹೆದರಿದ ಚಿಂಚಿಲ್ಲಾ ತುಪ್ಪಳದ ಒಂದು ಹಿಡಿಯನ್ನೇ ಕಳಚಿಕೊಂಡು ತಪ್ಪಿಸಿಕೊಳ್ಳುತ್ತದೆ. ಬೇಟೆಗಾರನ ಬಾಯಿಂದ ಪಾರಾಗಲು ಪ್ರಕೃತಿ ಕೊಟ್ಟ ಉಪಾಯವದು.

ಗಮನಕ್ಕೆ ಬರಬೇಕಾದ ಲಕ್ಷಣಗಳು ಇವು:

* ಬಾಲದ ಕೆಳಗಿನ ತುಪ್ಪಳ ಒದ್ದೆಯಾಗಿರುವುದು, ಅಂಟಿಕೊಂಡಿರುವುದು, ಕಲೆಯಾಗಿರುವುದು.
* ಹಳದಿ, ಕಂದು, ಹಸಿರು ಅಥವಾ ರಕ್ತಮಿಶ್ರಿತ ಸ್ರಾವ, ಕೆಟ್ಟ ನಾತ.
* ಹುಲ್ಲು ಬಿಟ್ಟಿರುವುದು; ಹಿಕ್ಕೆ ಸಣ್ಣದಾಗಿರುವುದು, ಕಡಿಮೆಯಾಗಿರುವುದು.
* ಹೊಟ್ಟೆ ಉಬ್ಬಿರುವುದು, ಮುಟ್ಟಿದರೆ ಕೊಸರಾಡುವುದು.
* ಮರಿ ಹಾಕಿದ ತಾಯಿ ಮರಿಗಳ ಹತ್ತಿರ ಹೋಗದಿರುವುದು, ಹಾಲು ಬತ್ತಿರುವುದು.
* ಹೆರಿಗೆ ನೋವು ಶುರುವಾಗಿ ನಾಲ್ಕು ಗಂಟೆಯಾದರೂ ಮರಿ ಹೊರಬಾರದಿರುವುದು.

ಇವುಗಳಲ್ಲಿ ಒಂದೇ ಕಂಡರೂ ನಾಳೆ ನೋಡೋಣ ಎನ್ನುವಂತಿಲ್ಲ. ರಕ್ತ ಕಂಡಾಗಲೆಲ್ಲ ಗರ್ಭಕೋಶದ್ದೇ ಎಂದು ಹೇಳಲೂ ಆಗದು. ಮೂತ್ರಕೋಶದಲ್ಲಿ ಕಲ್ಲು ಇದ್ದರೂ ರಕ್ತ ಬರುತ್ತದೆ. ಯಾವುದೆಂದು ತೀರ್ಮಾನಿಸಬೇಕಾದವರು ವೈದ್ಯರು.

ಮನೆಯ ಮಾತ್ರೆ ಮುಟ್ಟಬೇಡಿ

ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಚಿಂಚಿಲ್ಲಾಕ್ಕೆ ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಕೊಡಬೇಡಿ.

ಚಿಂಚಿಲ್ಲಾ ತಿನ್ನುವ ಒರಟು ಹುಲ್ಲನ್ನು ಅರಗಿಸುವುದು ಅದರ ದೊಡ್ಡಕರುಳಿನ ಆರಂಭದಲ್ಲಿರುವ ಚೀಲದಂಥ ಭಾಗದ ಸೂಕ್ಷ್ಮಜೀವಿಗಳು. ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಪೆನಿಸಿಲಿನ್ ಗುಂಪಿನ ಔಷಧಗಳು, ಕ್ಲಿಂಡಾಮೈಸಿನ್, ಲಿಂಕೊಮೈಸಿನ್, ಎರಿಥ್ರೊಮೈಸಿನ್ ಬಾಯಿಯ ಮೂಲಕ ಹೋದರೆ ಆ ಒಳ್ಳೆಯ ಜೀವಿಗಳು ಸಾಯುತ್ತವೆ. ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾ ಹೆಚ್ಚಿ ವಿಷ ಉಗುಳುತ್ತವೆ. ಭೇದಿ ಹತ್ತಿ ಪ್ರಾಣಿ ಸಾಯುತ್ತದೆ. ಮಕ್ಕಳಿಗೆ ನೆಗಡಿ ಕೆಮ್ಮು ಬಂದಾಗ ತಂದ ಅಮಾಕ್ಸಿಸಿಲಿನ್ ಸಿರಪ್ ನಮ್ಮ ಎಷ್ಟೋ ಮನೆಗಳ ಫ್ರಿಜ್ಜಿನಲ್ಲಿ ಉಳಿದಿರುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ ಎರಡು ಹನಿ ಸೋಂಕಿಗಿಂತ ಮೊದಲೇ ಕೊಲ್ಲಬಲ್ಲದು. ವೈದ್ಯರಾದರೂ ನಾಯಿ ಬೆಕ್ಕುಗಳನ್ನಷ್ಟೇ ನೋಡಿ ಅಭ್ಯಾಸವಿದ್ದವರಾದರೆ, ‘ಈ ಔಷಧ ಚಿಂಚಿಲ್ಲಾಕ್ಕೆ ಆಗುತ್ತದೆಯೇ’ ಎಂದು ವಿನಯದಿಂದಲೇ ಕೇಳಿ. ಕೇಳುವುದು ಸಾಕಿದವರ ಹಕ್ಕು.

ಎನ್ರೊಫ್ಲಾಕ್ಸಾಸಿನ್, ಟ್ರೈಮೆಥೊಪ್ರಿಮ್ ಸಲ್ಫಾದಂಥ ಔಷಧಗಳನ್ನು ಈ ಪ್ರಾಣಿಗಳಿಗೆ ವೈದ್ಯರು ಬಳಸುತ್ತಾರೆ. ಪ್ರಮಾಣವನ್ನು ತೂಕ ನೋಡಿಯೇ ನಿರ್ಧರಿಸಬೇಕು. ಸ್ರಾವದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿದುಕೊಂಡರೆ ಇನ್ನೂ ಒಳ್ಳೆಯದು. ಸ್ಯೂಡೊಮೊನಾಸ್ ಹಲವು ಔಷಧಗಳಿಗೆ ಜಗ್ಗುವುದಿಲ್ಲ.

ಚಿಕಿತ್ಸೆಯ ದಾರಿ

ವೈದ್ಯರು ಮೊದಲು ಸ್ಕ್ಯಾನ್ ಮಾಡಿ ಗರ್ಭಕೋಶದಲ್ಲಿ ಏನಿದೆ ಎಂದು ನೋಡುತ್ತಾರೆ. ಎಕ್ಸ್‌ರೇಯಲ್ಲಿ ಉಳಿದ ಮರಿಯ ಎಲುಬು ಕಾಣುತ್ತದೆ. ಬೇಗ ಗುರುತಿಸಿದ ಸಣ್ಣ ಉರಿಯೂತ ಔಷಧದಿಂದಲೇ ಗುಣವಾದೀತು. ಕೀವು ತುಂಬಿದ್ದರೆ, ಸತ್ತ ಮರಿ ಒಳಗಿದ್ದರೆ ಗರ್ಭಕೋಶ ಮತ್ತು ಅಂಡಾಶಯಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದೇ ಸರಿಯಾದ ಉಪಾಯ.

ಅರ್ಧ ಕಿಲೋದ ಪ್ರಾಣಿಗೆ ಅರಿವಳಿಕೆ ಕೊಡುವುದು ನಾಜೂಕಿನ ಕೆಲಸ. ಮೈ ಬೇಗ ತಣ್ಣಗಾಗುತ್ತದೆ, ಸ್ವಲ್ಪ ರಕ್ತ ಹೋದರೂ ಅದಕ್ಕೆ ಬಹಳ. ಮೊದಲು ದ್ರವ ಕೊಟ್ಟು, ನೋವು ಇಳಿಸಿ, ಸುಧಾರಿಸಿದ ಮೇಲೆ ಶಸ್ತ್ರಚಿಕಿತ್ಸೆಗೆ ಇಳಿಯುತ್ತಾರೆ. ಮನುಷ್ಯರಿಗೆ ಮಾಡುವಂತೆ ಹಿಂದಿನ ರಾತ್ರಿಯಿಂದ ಉಪವಾಸ ಕೆಡವಬಾರದು. ಚಿಂಚಿಲ್ಲಾ ವಾಂತಿ ಮಾಡಲಾರದು, ಹಸಿದರೆ ಅದರ ಕರುಳೇ ನಿಂತುಹೋಗುತ್ತದೆ.

ಈ ಕರುಳಿನ ವಿಷಯ ಮನೆಯವರಿಗೂ ಸಂಬಂಧಿಸಿದ್ದು. ಸೋಂಕಿಗಿಂತಲೂ ಮೇವು ಬಿಟ್ಟದ್ದೇ ಕೆಲವೊಮ್ಮೆ ಸಾವಿಗೆ ಕಾರಣವಾಗುತ್ತದೆ. ಗುಣವಾಗುವ ದಿನಗಳಲ್ಲಿ ಹುಲ್ಲಿನ ಪುಡಿಯಿಂದ ಮಾಡಿದ ವಿಶೇಷ ಆಹಾರವನ್ನು ನೀರಿನಲ್ಲಿ ಕಲಸಿ, ಸೂಜಿ ತೆಗೆದ ಸಿರಿಂಜಿನಲ್ಲಿ ಕೆನ್ನೆಯ ಪಕ್ಕದಿಂದ ನಿಧಾನವಾಗಿ ತಿನ್ನಿಸಬೇಕು. ರಾತ್ರಿಯೂ ಎದ್ದು ತಿನ್ನಿಸಬೇಕಾಗುತ್ತದೆ. ಹೊಲಿಗೆ ಮಾಯುವ ತನಕ, ಮೈ ಶುಚಿಗೆಂದು ಅದು ಹೊರಳಾಡುವ ದೂಳಿನ ಸ್ನಾನ ಬೇಡ. ಗಾಯಕ್ಕೆ ದೂಳು ಕೂತರೆ ಮತ್ತೆ ಸೋಂಕು. ಮರಿ ಹಾಕುವ ಹಿಂದುಮುಂದಿನ ದಿನಗಳಲ್ಲೂ ದೂಳಿನ ಪಾತ್ರೆಯನ್ನು ಹೊರಗಿಡಬೇಕು.

ತಾಯಿಗೆ ಸೋಂಕಾದರೆ ಮರಿಗಳ ಹೊಣೆಯೂ ಮನೆಯವರದ್ದೇ. ಹಾಲೂಡುವ ಇನ್ನೊಂದು ಚಿಂಚಿಲ್ಲಾ ಇದ್ದರೆ ಅದು ಸಾಕುತಾಯಿಯಾಗಬಹುದು, ಗಿನಿಪಿಗ್ ಕೂಡ ಆಗಬಹುದು. ಇಲ್ಲವಾದರೆ ವೈದ್ಯರು ಹೇಳಿದ ಹಾಲನ್ನು ಎರಡು ಮೂರು ಗಂಟೆಗೊಮ್ಮೆ ಕೊಡಬೇಕು.

ಬರುವ ಮುನ್ನ

ಬೇಡದ ಬಸಿರನ್ನು ತಡೆಯುವುದೇ ಮೊದಲ ರಕ್ಷಣೆ. ಹೆಣ್ಣು ಮರಿ ಹಾಕಿದ ಎರಡು ದಿನಗಳೊಳಗೇ ಮತ್ತೆ ಬೆದೆಗೆ ಬರುತ್ತದೆ. ಗಂಡು ಪಂಜರದಲ್ಲೇ ಇದ್ದರೆ ಬಾಣಂತಿ ಮತ್ತೆ ಗಬ್ಬವಾಗುತ್ತದೆ. ಮಾಯದ ಗರ್ಭಕೋಶಕ್ಕೆ ಇನ್ನೊಂದು ಭಾರ. ಹೆರಿಗೆಗೆ ಮೊದಲೇ ಗಂಡನ್ನು ಬೇರೆ ಮಾಡಬೇಕು. ಜೋಡಿಯಾಗಿ ಸಾಕುವವರು ಗಂಡಿಗೆ ಸಂತಾನಹರಣ ಮಾಡಿಸುವುದು ಹೆಚ್ಚು ಸುಲಭ. ಮಾಡಿಸಿದ ಮೇಲೂ ಕೆಲವು ವಾರ ಬೇರೆಯಾಗಿಡಬೇಕು, ಅಷ್ಟು ದಿನ ಅದಕ್ಕೆ ಫಲವತ್ತತೆ ಉಳಿದಿರುತ್ತದೆ.

ಪಂಜರದ ಹಾಸು ಒಣಗಿರಲಿ. ನೀರಿನ ಬಾಟಲಿಯನ್ನು ದಿನವೂ ತೊಳೆಯಿರಿ. ಹುಲ್ಲಿನಲ್ಲಿ ಬೂಷ್ಟು ಕಂಡರೆ ಎಸೆಯಿರಿ. ಚಿಂಚಿಲ್ಲಾ, ಗಿನಿಪಿಗ್, ಮೊಲಗಳನ್ನು ನೋಡುವ ಅನುಭವವಿರುವ ವೈದ್ಯರು ಎಲ್ಲಿದ್ದಾರೆಂದು ಪ್ರಾಣಿ ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ.

ನಮ್ಮ ಮನೆಯ ಪ್ರಾಣಿಗಳಲ್ಲೂ ಇದೇ

ಚಿಂಚಿಲ್ಲಾ ಎಂದೂ ನೋಡದವರಿಗೂ ಈ ಮಾತು ಬೇಕು. ಪಯೋಮೆಟ್ರಾ ಹೆಣ್ಣು ನಾಯಿಗಳ ಸಾಮಾನ್ಯ ಕಾಯಿಲೆ. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಬರುತ್ತದೆ. ವಿಪರೀತ ನೀರು ಕುಡಿಯುವುದು, ಊಟ ಬಿಡುವುದು, ಸ್ರಾವ ಅದರ ಗುರುತು. ಸ್ವೀಡನ್‌ನಲ್ಲಿ ನಾಯಿಗಳಿಗೆ ಸಂತಾನಹರಣ ಮಾಡಿಸುವ ವಾಡಿಕೆ ಕಡಿಮೆಯಿತ್ತು. ಅಲ್ಲಿನ ವಿಮೆಯ ದಾಖಲೆಗಳನ್ನು ಪರಿಶೀಲಿಸಿದ ಪಶುವೈದ್ಯರು ಹತ್ತು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ನಾಲ್ಕು ಹೆಣ್ಣು ನಾಯಿಗಳಲ್ಲಿ ಒಂದಕ್ಕೆ ಈ ಕಾಯಿಲೆ ಬರುವುದನ್ನು ಕಂಡರು. ವಯಸ್ಸಾದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ತೀರಾ ಸಾಮಾನ್ಯ. ಗಿನಿಪಿಗ್‌ಗಳಲ್ಲಿ ಅಂಡಾಶಯದ ಗಂಟುಗಳು. ‘ಹೆಣ್ಣೆಂದಮೇಲೆ ಏನೋ ಒಂದು ಇದ್ದದ್ದೇ’ ಎಂದು ಸ್ರಾವವನ್ನು ಒರೆಸಿ ಸುಮ್ಮನಾಗುವ ಅಭ್ಯಾಸ ನಮ್ಮಲ್ಲಿದೆ. ಪ್ರಾಣಿಯ ಕೆಳಹೊಟ್ಟೆಯ ಬಗ್ಗೆ ವೈದ್ಯರ ಮುಂದೆ ಬಾಯಿಬಿಡಲು ಸಂಕೋಚವೂ ಇದೆ. ಈ ಸಂಕೋಚ ಪ್ರಾಣ ತೆಗೆಯುತ್ತದೆ.

ಸಾಕಬೇಕೆ?

ಚಿಂಚಿಲ್ಲಾವನ್ನು ಕರ್ನಾಟಕದಲ್ಲಿ ಸಾಕಬೇಕೆ ಎಂದು ಕೇಳಿದರೆ ನನ್ನ ಉತ್ತರ: ಬೇಡ. ಅದರ ಮೈಗೆ 27 ಡಿಗ್ರಿ ಮೀರಿದ ಬಿಸಿಲೇ ಅಪಾಯ. ‘ತಂಪಿನ ಊರು’ ಎನಿಸಿಕೊಂಡ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿದೆ. ಬೇಸಿಗೆಯುದ್ದಕ್ಕೂ ಎ.ಸಿ. ಇಡಲಾಗದ ಮನೆಯಲ್ಲಿ, ಕರೆಂಟು ಹೋಗುವ ಊರಿನಲ್ಲಿ ಅದು ಬದುಕುವುದೇ ಹೋರಾಟ. ಕಾಡಿನ ಚಿಂಚಿಲ್ಲಾ ಅಳಿವಿನಂಚಿನಲ್ಲಿದೆ. ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಉಳಿದವುಗಳಿಗಾಗಿ ಚಿಲಿ ಸರ್ಕಾರ 1983ರಲ್ಲಿ ಇಯಾಪೆಲ್ ಪಟ್ಟಣದ ಹತ್ತಿರ ಮೀಸಲು ಪ್ರದೇಶ ಮಾಡಿದೆ. 2017ರ ಜನವರಿಯಲ್ಲಿ ಭಾರತ ಚಿಂಚಿಲ್ಲಾ ತುಪ್ಪಳದ ಆಮದನ್ನು ನಿಷೇಧಿಸಿತು. ವಿದೇಶಿ ಪ್ರಾಣಿಗಳನ್ನು ಇಟ್ಟುಕೊಳ್ಳುವವರ ನೋಂದಣಿಗೆ 2024ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನೂ ತಂದಿದೆ.

ಈಗಾಗಲೇ ಮನೆಯಲ್ಲಿರುವ ಚಿಂಚಿಲ್ಲಾದ ಮಾತು ಬೇರೆ. ಅದು ತಾನಾಗಿ ಬಂದದ್ದಲ್ಲ, ನಾವು ತಂದದ್ದು. ಅದರ ಬದುಕು ಪೂರ್ತಿ ನಮ್ಮ ಕೈಯಲ್ಲಿದೆ. ಹೆಣ್ಣು ಚಿಂಚಿಲ್ಲಾ ಸಾಕಿದವರೇ, ಅಮೆರಿಕದಲ್ಲಿರಿ ಬೆಂಗಳೂರಿನಲ್ಲಿರಿ, ವಾರಕ್ಕೊಮ್ಮೆ ಅದನ್ನು ತೂಗಿ, ಬಾಲದ ಕೆಳಗೆ ನೋಡಿ. ನಾತವಿದ್ದರೆ, ಕಲೆಯಿದ್ದರೆ, ಮೇವು ಬಿಟ್ಟಿದ್ದರೆ ಅಂದೇ ವೈದ್ಯರ ಬಳಿಗೆ ಒಯ್ಯಿರಿ. ಮನೆಯ ಔಷಧ ಮಾತ್ರ ಕೊಡಬೇಡಿ.